ಗಾಡಿಯೊಳಗಿನ ಗುಮಾಸ್ತ

ಒಂದು ಮೋಟಾರು ಗಾಡಿಗೆ ಬರುವ ವರ್ಷದಲ್ಲಿ ಅಪಘಾತವಾದೀತೇ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ಯಾರೂ ಇಲ್ಲ. ಆದರೆ ಅಂತಹ ಒಂದು ಲಕ್ಷ ಗಾಡಿಗಳಲ್ಲಿ ಸುಮಾರು ಎಷ್ಟು ಅಪಘಾತಕ್ಕೆ ಈಡಾದಾವು ಎಂಬುದನ್ನು ಹಿಂದಿನ ವರ್ಷಗಳ ಲೆಕ್ಕದಿಂದ ಸಾಕಷ್ಟು ನಿಖರವಾಗಿ ಹೇಳಬಹುದು. ಒಂಟಿಯಾಗಿ ನೋಡಿದಾಗ ಅನಿಶ್ಚಿತವಾದುದು ಸಮೂಹದಲ್ಲಿ ನಿಯಮಬದ್ಧವಾಗುತ್ತದೆ. ಸಂಭವನೀಯತೆಯ ಈ ತತ್ತ್ವದ ಮೇಲೆಯೇ ವಿಮೆಯ ವ್ಯವಹಾರವೆಲ್ಲವೂ ನಿಂತಿದೆ.

ವಿಮಾ ಸಂಸ್ಥೆಯು ಚಾಲಕರನ್ನು ವಯಸ್ಸು, ಊರು, ಗಾಡಿಯ ಬೆಲೆ ಮುಂತಾದುವುಗಳಿಗೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸಿ, ಒಂದೊಂದು ಗುಂಪಿಗೆ ಒಂದೊಂದು ಕಂತನ್ನು ನಿಗದಿ ಮಾಡುತ್ತದೆ. ಇದರಿಂದ ವಾರಕ್ಕೊಮ್ಮೆ ಸಂತೆಗೆ ನಿಧಾನವಾಗಿ ಹೋಗಿಬರುವವನೂ, ಅದೇ ವಯಸ್ಸಿನ, ಹಗಲಿರುಳೆನ್ನದೆ ಹೆದ್ದಾರಿಯಲ್ಲಿ ಧಾವಿಸುವವನೂ ಒಂದೇ ಮೊತ್ತವನ್ನು ತೆರಬೇಕಾಗುತ್ತದೆ. ಇದು ನ್ಯಾಯವೇ? ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿಯವರು ಇದು ಸರಿಯಲ್ಲವೆಂದೂ, ವಿಮೆಯ ಹೊರೆ ಗಾಡಿ ಓಡಿದಷ್ಟಕ್ಕೆ ತಕ್ಕಂತೆ ಇರಬೇಕೆಂದೂ 1968ರಲ್ಲಿಯೇ ವಾದಿಸಿದ್ದರು. ಆದರೆ ಪ್ರತಿಯೊಂದು ಗಾಡಿಯ ಓಟವನ್ನೂ ಬರೆದಿಡಬಲ್ಲ ಗುಮಾಸ್ತನೊಬ್ಬ ಆ ಕಾಲಕ್ಕೆ ದೊರೆಯುವಂತಿರಲಿಲ್ಲ.

ಈಗ ಅಂತಹ ಗುಮಾಸ್ತ ದೊರೆತಿದ್ದಾನೆ. ಅವನಿಗೆ ಸಂಬಳ ಬೇಡ, ನಿದ್ರೆಯೂ ಬೇಡ.

ಉಪಕರಣವು ಅಳೆಯುವುದೇನು?

ಅಮೆರಿಕದಲ್ಲಿ 1996ರ ಮಾದರಿಯಿಂದ ಈಚೆಗೆ ಮಾರಾಟವಾದ ಕಾರುಗಳಲ್ಲೆಲ್ಲ, ಎಂಜಿನ್ನಿನ ದೋಷಗಳನ್ನು ತಿಳಿಯುವುದಕ್ಕಾಗಿ ಚಾಲಕನ ಮುಂದಿನ ಹಲಗೆಯ ಕೆಳಗೆ ಒಂದು ಏಕರೂಪದ ಕಿಂಡಿ ಇರಬೇಕೆಂಬ ಕಟ್ಟಳೆ ಬಂದಿತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಸಾಧನವೊಂದನ್ನು ಆ ಕಿಂಡಿಗೆ ಸಿಕ್ಕಿಸಿದರೆ ಗಾಡಿಯ ವೇಗವನ್ನು ಕ್ಷಣಕ್ಷಣಕ್ಕೂ ಓದಿಕೊಳ್ಳಬಹುದು. ಪ್ರೋಗ್ರೆಸಿವ್ ಎಂಬ ವಿಮಾ ಸಂಸ್ಥೆಯು 1990ರ ದಶಕದ ಕೊನೆಯಲ್ಲಿ ಟೆಕ್ಸಸ್ ಪ್ರಾಂತದಲ್ಲಿ ಪ್ರಯೋಗ ನಡೆಸಿ, ಮುಂದೆ ಇಂತಹ ಸಾಧನವನ್ನು ಬಳಕೆಗೆ ತಂದಿತು. ಇಂದು ಅನೇಕ ವೇಳೆ ಚಾಲಕನ ಜೇಬಿನಲ್ಲಿರುವ ಮೊಬೈಲ್ ಫೋನೇ ಈ ಕೆಲಸವನ್ನು ಮಾಡುತ್ತದೆ.

ಫೋನು ಇದನ್ನು ಹೇಗೆ ಅರಿಯುತ್ತದೆ? ಬಸ್ಸು ಥಟ್ಟನೆ ನಿಂತಾಗ ನಾವು ಮುಂದಕ್ಕೆ ವಾಲುತ್ತೇವಷ್ಟೆ. ಫೋನಿನೊಳಗಿನ ಸಿಲಿಕಾನಿನ ಅತಿ ಚಿಕ್ಕ ಬಾಚಣಿಗೆಯೊಂದು ಹಾಗೆಯೇ ವಾಲುತ್ತದೆ. ಅದರ ಹಲ್ಲುಗಳಿಗೂ ಪಕ್ಕದ ಸ್ಥಿರವಾದ ಹಲ್ಲುಗಳಿಗೂ ನಡುವಣ ಅಂತರ ಬದಲಾಗಿ, ಅವುಗಳ ವಿದ್ಯುದ್ಧಾರಕತೆ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸವೇ ವೇಗೋತ್ಕರ್ಷದ ಅಳತೆ. ನ್ಯೂಟನ್ನನ ನಿಯಮಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಇಲ್ಲ.

ಪ್ರೋಗ್ರೆಸಿವ್ ಸಂಸ್ಥೆಯು ಒಂದು ಸೆಕೆಂಡಿನಲ್ಲಿ ವೇಗವು ಗಂಟೆಗೆ 7 ಮೈಲಿಗಿಂತ ಹೆಚ್ಚಾಗಿ ಕುಗ್ಗಿದರೆ ಅದನ್ನು 'ಕಠಿಣ ಬ್ರೇಕು' ಎಂದು ಎಣಿಸಿತು. ಇದನ್ನು ನಮ್ಮ ಮಾನಕ್ಕೆ ತಂದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 3.1 ಮೀಟರು, ಎಂದರೆ ಗುರುತ್ವ ವೇಗೋತ್ಕರ್ಷದ ಮೂರನೆಯ ಒಂದು ಪಾಲು. ಇಷ್ಟೇ ಬಲವಾಗಿ ಬ್ರೇಕು ಹಾಕಿದರೆ ಗಂಟೆಗೆ 40 ಕಿಲೋಮೀಟರು ವೇಗದ ಕಾರು ಸುಮಾರು 20 ಮೀಟರುಗಳಲ್ಲಿ ನಿಲ್ಲುತ್ತದೆ. 80 ಕಿಲೋಮೀಟರು ವೇಗದ್ದಕ್ಕೆ ಸುಮಾರು 79 ಮೀಟರು ಬೇಕು. ವೇಗವು ಇಮ್ಮಡಿಯಾದರೆ ನಿಲ್ಲುವ ದೂರ ನಾಲ್ಮಡಿಯಾಗುತ್ತದೆ. ಆದುದರಿಂದ ಮುಂದಿನ ಗಾಡಿಗೆ ಅಂಟಿಕೊಂಡು ವೇಗವಾಗಿ ಓಡಿಸುವವನು ಪದೇ ಪದೇ ಕಠಿಣವಾಗಿ ಬ್ರೇಕು ಹಾಕಲೇಬೇಕು ಎಂಬ ಊಹೆಯಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ಗುಮಾಸ್ತನು ಬ್ರೇಕನ್ನು ಎಣಿಸಬಲ್ಲನೇ ಹೊರತು ಅದರ ಕಾರಣವನ್ನು ಕಾಣಲಾರ. ಚೆಂಡಿನ ಹಿಂದೆ ರಸ್ತೆಗೆ ನುಗ್ಗಿದ ಮಗುವನ್ನು ಉಳಿಸಲು ಹಾಕಿದ ಬ್ರೇಕೂ, ಮೈಮರೆತು ಹಾಕಿದ ಬ್ರೇಕೂ ಅವನ ಕಡತದಲ್ಲಿ ಒಂದೇ. ಹಾಗೆಯೇ ನಡುರಾತ್ರಿಯ ಪಯಣವನ್ನು ಅಪಾಯವೆಂದು ಎಣಿಸಿದರೆ, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ದಾದಿಯೂ ದಂಡ ತೆರಬೇಕಾಗುತ್ತದೆ.

ವೇಗದಿಂದ ವಿಳಾಸಕ್ಕೆ

'ನಾವು ವೇಗವನ್ನಷ್ಟೇ ಬರೆದುಕೊಳ್ಳುತ್ತೇವೆ. ನೀವು ಎಲ್ಲಿಗೆ ಹೋದಿರೆಂಬುದನ್ನು ಬರೆದುಕೊಳ್ಳುವುದಿಲ್ಲ' ಎಂಬ ಸಮಾಧಾನವನ್ನು ಕೆಲವೆಡೆ ಗ್ರಾಹಕರಿಗೆ ಹೇಳುವುದುಂಟು. ಈ ಮಾತು ಎಷ್ಟು ಗಟ್ಟಿ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು.

ವೇಗ ಮತ್ತು ಕಾಲಗಳ ರೇಖಾಚಿತ್ರದ ಕೆಳಗಿನ ಕ್ಷೇತ್ರಫಲವೇ ಕ್ರಮಿಸಿದ ದೂರ ಎಂಬುದನ್ನು ನಾವು ತರಗತಿಯಲ್ಲಿ ಕಲಿತಿದ್ದೇವೆ. ಗಾಡಿ ಎಲ್ಲಿಂದ ಹೊರಟಿತೆಂಬುದು ಸಂಸ್ಥೆಗೆ ಗೊತ್ತು; ಗ್ರಾಹಕನ ಮನೆಯ ವಿಳಾಸ ಅದರ ಬಳಿ ಇದ್ದೇ ಇದೆ. 600 ಮೀಟರು ನಡೆದು ವೇಗ ಸೊನ್ನೆಯಾದರೆ ಅಲ್ಲೊಂದು ಚೌಕವಿರಬೇಕು. ಅನಂತರ 200 ಮೀಟರಿಗೆ ವೇಗ ಕುಗ್ಗಿ ಮತ್ತೆ ಏರಿದರೆ ಅಲ್ಲೊಂದು ತಿರುವಿರಬೇಕು. ಊರಿನ ನಕ್ಷೆಯನ್ನು ಎದುರಿಗಿಟ್ಟುಕೊಂಡು, ಈ ಗುರುತುಗಳಿಗೆ ಹೊಂದದ ಬೀದಿಗಳನ್ನೆಲ್ಲ ಒಂದೊಂದಾಗಿ ತಳ್ಳಿಹಾಕುತ್ತ ಹೋದರೆ, ಉಳಿಯುವ ದಾರಿಗಳು ಕೆಲವೇ ಕೆಲವು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಇದನ್ನೇ ಮಾಡಿ ತೋರಿಸಿದರು. ಹೊರಟ ಸ್ಥಳ ಮತ್ತು ವೇಗ, ಇವೆರಡರಿಂದಲೇ ಸುಮಾರು ಕಾಲು ಭಾಗದಷ್ಟು ಪಯಣಗಳಲ್ಲಿ ಗಾಡಿ ತಲಪಿದ ಜಾಗವನ್ನು 500 ಮೀಟರುಗಳ ಒಳಗೆ ಅವರು ಊಹಿಸಿದರು.

ಒಬ್ಬನು ಯಾವ ಆಸ್ಪತ್ರೆಗೆ, ಯಾವ ಗುಡಿಗೆ, ಯಾವ ಸಭೆಗೆ ಹೋಗುತ್ತಾನೆಂಬುದು ತಿಳಿದರೆ ಅವನ ಕಾಯಿಲೆ, ನಂಬಿಕೆ, ರಾಜಕೀಯ ಇವೆಲ್ಲವೂ ತಿಳಿದಂತೆಯೇ. ವಿಮೆಗೆಂದು ಕೊಟ್ಟ ಅಂಕಿಗಳು ಹೀಗೆ ಬಾಳಿನ ದಿನಚರಿಯಾಗುತ್ತವೆ.

ಕೇಳದೆಯೇ ಈ ದಿನಚರಿ ಮಾರಾಟವಾದ ಪ್ರಸಂಗವೂ ಉಂಟು. ಜನರಲ್ ಮೋಟಾರ್ಸ್ ಕಂಪನಿಯ ಕಾರುಗಳಿಂದ ಚಾಲನೆಯ ವಿವರಗಳು ಮಾಹಿತಿ ವರ್ತಕ ಸಂಸ್ಥೆಗಳಿಗೂ, ಅಲ್ಲಿಂದ ವಿಮಾ ಸಂಸ್ಥೆಗಳಿಗೂ ಹೋಗುತ್ತಿದ್ದುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 2024ರ ಮಾರ್ಚಿಯಲ್ಲಿ ಬಯಲಿಗೆಳೆಯಿತು. ಕಂತು ಏಕೆ ಏರಿತೆಂದು ವಿಚಾರಿಸಿದಾಗಲೇ ಕೆಲವು ಮಾಲೀಕರಿಗೆ ಸಂಗತಿ ತಿಳಿದುದು. ಗಾಡಿಯಿರುವ ಜಾಗವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ಗುರುತಿಸಲಾಗುತ್ತಿತ್ತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. ಐದು ವರ್ಷಗಳ ಕಾಲ ಇಂತಹ ವಿವರಗಳನ್ನು ಆ ಬಗೆಯ ಸಂಸ್ಥೆಗಳಿಗೆ ಕೊಡಕೂಡದೆಂಬ ಕಟ್ಟುಪಾಡನ್ನು 2025ರ ಜನವರಿಯಲ್ಲಿ ಅದು ಪ್ರಕಟಿಸಿತು.

ನಮ್ಮಲ್ಲಿ

ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈ ತಿಂಗಳಲ್ಲಿ, ಓಡಿದ ದೂರಕ್ಕೂ ಓಡಿಸುವ ರೀತಿಗೂ ತಕ್ಕಂತೆ ಕಂತು ಕಟ್ಟುವ ಯೋಜನೆಗಳಿಗೆ ಸಮ್ಮತಿಯಿತ್ತಿತು. ಸ್ವಂತ ಗಾಡಿಗೆ ಆಗುವ ಹಾನಿಯ ವಿಮೆಗೆ ಮಾತ್ರ ಇದು ಅನ್ವಯಿಸುತ್ತದೆ. ಅದಕ್ಕೆ ಐದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ ಸಾರಿದ್ದರು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ನಮಗೆ ಹೆಮ್ಮೆಯ ಸಂಗತಿ.

ಹಾಗಾದರೆ ಈ ಉಪಕರಣವನ್ನೇ ದೂರವಿಡಬೇಕೆ? ಅಗತ್ಯವಿಲ್ಲ. ಕಂತನ್ನು ಗೊತ್ತುಮಾಡಲು ಬೇಕಾದುದು ತಿಂಗಳಿಗೆ ನಾಲ್ಕಾರು ಸಂಖ್ಯೆಗಳು ಮಾತ್ರ: ಓಡಿದ ದೂರ, ಮಿತಿಮೀರಿದ ವೇಗದ ನಿಮಿಷಗಳು, ಕಠಿಣ ಬ್ರೇಕುಗಳ ಎಣಿಕೆ, ಇಷ್ಟೆ. ಈ ಕೂಡುವಿಕೆಯನ್ನು ಗಾಡಿಯೊಳಗೇ ಮುಗಿಸಿ, ಮೊತ್ತವನ್ನಷ್ಟೇ ಹೊರಗೆ ಕಳುಹಿಸಿ, ಉಳಿದುದನ್ನು ಅಳಿಸಿಬಿಡುವಂತಹ ಸಾಧನವನ್ನು ರಚಿಸುವುದು ಎಂಜಿನಿಯರಿಗೆ ಕಷ್ಟವೇನಲ್ಲ. ಮೊತ್ತದಿಂದ ದಾರಿಯನ್ನು ಹಿಂದಕ್ಕೆ ಕಂಡುಹಿಡಿಯಲು ಯಾರಿಂದಲೂ ಆಗದು.

ಮುಂದೆ ಇಂತಹ ಸಾಧನಗಳನ್ನು ರಚಿಸುವವರೂ ಕೊಳ್ಳುವವರೂ ಇಂದಿನ ವಿದ್ಯಾರ್ಥಿಗಳೇ. ಒಪ್ಪಿಗೆಯ ಪತ್ರಕ್ಕೆ ಸಹಿ ಮಾಡುವ ಮುನ್ನ ಅವರು ಮೂರು ಪ್ರಶ್ನೆಗಳನ್ನು ಕೇಳುವುದು ಒಳಿತು: ಏನನ್ನು ಅಳೆಯುತ್ತೀರಿ? ಎಷ್ಟು ದಿನ ಇಟ್ಟುಕೊಳ್ಳುತ್ತೀರಿ? ಯಾರಿಗೆ ಕೊಡುತ್ತೀರಿ?