ಬರಿದಾದ ಗೆರಟೆ: ಎಳೆಯ ಮಕ್ಕಳಿಗೆ ಈಸ್ಟರ್ ಹಬ್ಬದ ಅರ್ಥ

ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಈಸ್ಟರ್ ಹಬ್ಬದ ಕೈಗೆಲಸವೆಂದರೆ ಸಾಮಾನ್ಯವಾಗಿ ಬಣ್ಣ ಬಳಿದ ಕಾಗದದ ಮೊಟ್ಟೆ, ಉದ್ದ ಕಿವಿಯ ಮೊಲ. ಮಕ್ಕಳು ಸಂತೋಷದಿಂದ ಕತ್ತರಿಸಿ ಅಂಟಿಸುತ್ತಾರೆ. ಮನೆಯಲ್ಲಿ ಇದೇನೆಂದು ಕೇಳಿದರೆ "ಮೊಲದ ಹಬ್ಬ" ಎನ್ನುತ್ತಾರೆ. ಅದೇ ತರಗತಿಯಲ್ಲಿ ಬೇಳದ ಇಗರ್ಜಿಗೋ ಊರಿನ ಪ್ರಾರ್ಥನಾಲಯಕ್ಕೋ ಹೋಗುವ ಒಂದು ಮಗುವಿದ್ದರೆ, ತನ್ನ ಮನೆಯ ಹಬ್ಬ ಇದಲ್ಲವೆಂದು ಅದಕ್ಕೆ ಗೊತ್ತಿರುತ್ತದೆ. ಆದರೂ ಅದು ಸುಮ್ಮನಿರುತ್ತದೆ. ಇಲ್ಲಿ ತಪ್ಪು ಕೈಗೆಲಸದ್ದಲ್ಲ, ವಸ್ತುವಿನ ಆಯ್ಕೆಯದು.

ಯೇಸುಕ್ರಿಸ್ತನು ಶುಕ್ರವಾರ ಶಿಲುಬೆಯ ಮೇಲೆ ಮರಣ ಹೊಂದಿ, ಬಂಡೆಯಲ್ಲಿ ಕೊರೆದ ಸಮಾಧಿಯಲ್ಲಿ ಇಡಲ್ಪಟ್ಟು, ಮೂರನೆಯ ದಿನವಾದ ಭಾನುವಾರ ಜೀವಂತನಾಗಿ ಎದ್ದನೆಂಬುದು ಕ್ರೈಸ್ತರ ನಂಬಿಕೆ. ಆ ಭಾನುವಾರವೇ ಈಸ್ಟರ್. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಅದು ಪಾಸ್ಕಾಂಚೆಂ ಫೆಸ್ತ್. ಮಾರ್ಚ್ 21ರಂದು ಅಥವಾ ಅದರ ಅನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಎಂಬ ಲೆಕ್ಕದಿಂದಾಗಿ ತಾರೀಖು ಪ್ರತಿವರ್ಷ ಬದಲಾಗುತ್ತದೆ: 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20. ಕೇರಳದಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚುವುದರಿಂದ ಪಾಠವನ್ನು ಹಬ್ಬಕ್ಕೆ ಮುಂಚಿತವಾಗಿಯೇ ಯೋಜಿಸಿಕೊಳ್ಳಬೇಕಾಗುತ್ತದೆ.

ಶಿಕ್ಷಕರು ಗಮನಿಸಬೇಕಾದ ಒಂದು ಸಂಗತಿಯಿದೆ. ಯೇಸು ಎದ್ದ ಗಳಿಗೆಯನ್ನು ನಾಲ್ಕು ಸುವಾರ್ತೆಗಳಲ್ಲಿ ಒಂದೂ ವರ್ಣಿಸುವುದಿಲ್ಲ. ವಾರದ ಮೊದಲ ದಿನ ಬೆಳಗಾಗುತ್ತಲೇ ಸಮಾಧಿಗೆ ಬಂದ ಹೆಂಗಸರು ಕಂಡದ್ದು ಉರುಳಿದ ಕಲ್ಲು ಮತ್ತು ಬರಿದಾದ ಒಳಗು. ಮಾರ್ಕನ ಸುವಾರ್ತೆಯಲ್ಲಿ ಅವರು ಸುಗಂಧದ್ರವ್ಯ ಹಿಡಿದು ಬರುತ್ತ, ಆ ದೊಡ್ಡ ಕಲ್ಲನ್ನು ಯಾರು ಉರುಳಿಸಿಕೊಟ್ಟಾರೆಂದು ಚಿಂತಿಸುತ್ತಾರೆ. ಆದುದರಿಂದ ಮಕ್ಕಳ ಕೈಗೆ ಕೊಡತಕ್ಕ ವಸ್ತು ಎದ್ದು ನಿಂತ ಬೊಂಬೆಯಲ್ಲ. ಒಳಗೆ ಬರಿದಾಗಿರುವ ಏನಾದರೊಂದು.

ಕಾಸರಗೋಡಿನ ಮನೆಗಳಲ್ಲಿ ಇದಕ್ಕೆ ಗೆರಟೆಗಿಂತ ಒಳ್ಳೆಯ ಸಾಧನ ಬೇಕಿಲ್ಲ. ಅಂಚನ್ನು ಶಿಕ್ಷಕರು ಮೊದಲೇ ಉಜ್ಜಿ ನಯಗೊಳಿಸಿರಬೇಕು. ಅಗಲವಾದ ಹಾಳೆಯ ತಟ್ಟೆಯಲ್ಲಿ ಒದ್ದೆ ಮಣ್ಣು ಹರಡಿ, ಗೆರಟೆಯನ್ನು ಅಡ್ಡಲಾಗಿ ಮಲಗಿಸಿ ಬೆನ್ನಿನ ಮೇಲೆ ಮಣ್ಣು ಮೆತ್ತಿದರೆ ಗುಹೆಯಾಯಿತು. ಬಾಯಿಯ ಅಳತೆಗೆ ಜೇಡಿಮಣ್ಣಿನ ದಪ್ಪ ಬಿಲ್ಲೆಯೊಂದನ್ನು ತಟ್ಟಿ ಒಣಗಿಸಿಟ್ಟರೆ ಅದೇ ಕಲ್ಲು. ಅಂಚಿನ ಮೇಲೆ ಚಕ್ರದಂತೆ ಉರುಳುವುದು ಮಕ್ಕಳಿಗೆ ಬಲು ಇಷ್ಟ. ಸೋಮವಾರ ಗುಹೆ ಕಟ್ಟಿ ಸುತ್ತಲೂ ನೆನೆಸಿದ ಸಾಸಿವೆ ಬಿತ್ತುವುದು, ಬುಧವಾರ ಶುಕ್ರವಾರದ ಕಥೆ ಹೇಳಿ ಬಿಳಿಯ ಬಟ್ಟೆಯ ತುಂಡೊಂದನ್ನು ಒಳಗಿಟ್ಟು ಕಲ್ಲು ಮುಚ್ಚುವುದು, ಶಾಲೆಯ ಶುಕ್ರವಾರದಂದು ಭಾನುವಾರದ ಕಥೆಯೊಂದಿಗೆ ತೆರೆಯುವುದು. ನಡುವಿನ ಗುರುವಾರ ಯಾರೂ ಕಲ್ಲನ್ನು ಮುಟ್ಟುವಂತಿಲ್ಲ. ಕಾಯುವ ಆ ಒಂದು ದಿನವನ್ನು ಬಿಟ್ಟರೆ ಪಾಠದ ಅರ್ಧ ಹೋದಂತೆ.

ಕೆಲವರು ಒಳಗೆ ಬೊಂಬೆಯೊಂದನ್ನು ಇರಿಸಿ, ರಾತ್ರಿ ಗುಟ್ಟಾಗಿ ತೆಗೆದು, ಮಕ್ಕಳನ್ನು ಅಚ್ಚರಿಗೊಳಿಸುವುದುಂಟು. ಇದು ಸರಿಯಲ್ಲ. ಆರು ವರ್ಷದ ಮಗುವಿಗೂ "ಟೀಚರ್ ತೆಗೆದರು" ಎಂದು ಹೊಳೆಯುತ್ತದೆ. ನಂಬಿಕೆಯ ಕಥೆ ಕಣ್ಕಟ್ಟಾಗುತ್ತದೆ. ಮಕ್ಕಳೇ ಆ ಹೆಂಗಸರಾಗಿ ನಡೆದು ಬರಲಿ, ಕಲ್ಲನ್ನು ಉರುಳಿಸಲಿ, ಬಟ್ಟೆ ಮಾತ್ರ ಬಿದ್ದಿರುವುದನ್ನು ನೋಡಲಿ. ಅಷ್ಟು ಹೊತ್ತಿಗೆ ಸಾಸಿವೆಯೂ ಮೊಳೆತಿರುತ್ತದೆ. ನೆಲಕ್ಕೆ ಬಿದ್ದ ಕಾಳಿನ ಹೋಲಿಕೆ ಯೋಹಾನನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿಯೇ ಇದೆ. ಆದರೆ ಮೊಳಕೆ ಪ್ರತಿವರ್ಷದ ಮಾತು, ಪುನರುತ್ಥಾನ ಒಮ್ಮೆ ನಡೆದುದೆಂದು ಕ್ರೈಸ್ತರು ನಂಬುತ್ತಾರೆ. ಎರಡನ್ನೂ ಒಂದೇ ಎಂದು ಹೇಳಬಾರದು. "ಪುನರುತ್ಥಾನ" ಎಂಬ ಪದವನ್ನು ಹಲಗೆಯ ಮೇಲೆ ಬರೆಯುವ ಅವಸರವೂ ಬೇಡ. "ಮತ್ತೆ ಎದ್ದನು" ಎಂದರೆ ಒಂದನೆಯ ತರಗತಿಗೆ ಸಾಕು.

ಗೆರಟೆಯ ಬಾಯಿ ಮುಚ್ಚಿದ ದಿನ ಒಂದು ಮಗು ಖಂಡಿತ ಕೇಳುತ್ತದೆ: "ನಮ್ಮ ಅಜ್ಜನೂ ಎದ್ದು ಬರುತ್ತಾರಾ?" ಶಿಕ್ಷಕರು ಸಿದ್ಧರಾಗಿರಬೇಕಾದದ್ದು ಈ ಪ್ರಶ್ನೆಗೆ. ಅಜ್ಜ ನಿದ್ರಿಸುತ್ತಿದ್ದಾರೆಂದು ಹೇಳಬಾರದು. ನಿದ್ರೆಗೇ ಹೆದರುವ ಮಕ್ಕಳುಂಟು. ಸತ್ತವರು ಮನೆಗೆ ಮರಳಿ ಬರುವುದಿಲ್ಲ ಎಂಬುದನ್ನು ಮೆಲ್ಲಗೆ, ನೇರವಾಗಿ ಹೇಳಬೇಕು. ಕ್ರಿಸ್ತನು ಎದ್ದಂತೆ ತಮ್ಮವರೂ ಒಂದು ದಿನ ದೇವರ ಬಳಿ ಏಳುವರೆಂದು ಕ್ರೈಸ್ತರು ಭರವಸೆಯಿಡುತ್ತಾರೆ, ಆದುದರಿಂದಲೇ ಈ ಹಬ್ಬ ಅವರಿಗೆ ದೊಡ್ಡದು. ಬೇರೆ ಮನೆಗಳಲ್ಲಿ ಬೇರೆ ನಂಬಿಕೆಗಳಿವೆ, ಅದನ್ನು ಅಮ್ಮನ ಬಳಿ ಕೇಳು ಎನ್ನಬಹುದು. ಸಾವಿನ ಭಾಗವನ್ನೇ ಹಾರಿಸಿಬಿಟ್ಟರೆ ಭಾನುವಾರದ ಸಂತೋಷಕ್ಕೆ ಕಾರಣವೇ ಉಳಿಯದು. ಹಾಗೆಂದು ಮೊಳೆ, ರಕ್ತಗಳ ಚಿತ್ರಗಳೂ ಈ ವಯಸ್ಸಿಗೆ ಸಲ್ಲವು.

ಶಿಲುಬೆಗೆ ತೆಂಗಿನ ಸಿರಿ ಒಪ್ಪುತ್ತದೆ. ದೈವಸ್ಥಾನದ ಅಲಂಕಾರದಲ್ಲಿ ಮಕ್ಕಳು ಕಂಡ ಅದೇ ಎಳೆಗರಿಯನ್ನು ಕೇರಳದ ಕ್ರೈಸ್ತರು ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಕೈಯಲ್ಲಿ ಹಿಡಿದು ಮೆರವಣಿಗೆ ಹೋಗುತ್ತಾರೆ. ವಯನಾಡಿನಲ್ಲಿ ಸಿರಿಯನ್ ಕ್ರೈಸ್ತ ನೆರೆಮನೆಗಳಿರುವ ಮಕ್ಕಳು ಪವಿತ್ರ ಗುರುವಾರದ ಪೆಸಹ ಅಪ್ಪದ ಮೇಲೆ ಗರಿಯ ಶಿಲುಬೆಯನ್ನು ಕಂಡಿರಲೂಬಹುದು. ಸೊಲ್ಲಾಪುರ, ಜತ್ತ ಕಡೆ ತೆಂಗು ಅಪರೂಪ. ಅಲ್ಲಿ ಶಿಲುಬೆಗೆ ಜೋಳದ ದಂಟು, ಗುಹೆಗೆ ಮಣ್ಣಿನ ಕುಡಿಕೆ.

ಮೊಟ್ಟೆಯನ್ನು ಹೊರಹಾಕಬೇಕೆಂದಲ್ಲ. ಹಿಂದಿನ ಕಾಲದಲ್ಲಿ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ಮೊಟ್ಟೆ ವರ್ಜ್ಯವಾಗಿತ್ತು. ಹಬ್ಬದಂದು ಅದು ಮತ್ತೆ ಊಟಕ್ಕೆ ಬಂತು. ಗ್ರೀಸಿನಲ್ಲಿ ಕ್ರಿಸ್ತನ ರಕ್ತದ ನೆನಪಿಗೆ ಅದಕ್ಕೆ ಕೆಂಪು ಬಣ್ಣ ಹಾಕುತ್ತಾರೆ, ಮುಚ್ಚಿದ ಚಿಪ್ಪು ಸಮಾಧಿಯ ಗುರುತು. ಇಷ್ಟು ಹೇಳುವುದಾದರೆ ಮೊಟ್ಟೆಯ ಚಿತ್ರವೂ ಅರ್ಥವುಳ್ಳದ್ದೇ. ಮೊಲವಾದರೋ ಜರ್ಮನಿಯ ಜನಪದದಿಂದ ಬಂದದ್ದು, ಸುವಾರ್ತೆಯಲ್ಲಿ ಅದಕ್ಕೆ ಜಾಗವಿಲ್ಲ. ನಿಜವಾದ ಮೊಟ್ಟೆಯ ಚಿಪ್ಪನ್ನು ತರಲು ಮಾತ್ರ ಯಾವ ಮಗುವಿಗೂ ಹೇಳಬಾರದು. ಮೊಟ್ಟೆ ಹೊಸ್ತಿಲು ದಾಟದ ಮನೆಗಳು ಬಹಳ.

ಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮೋಪದೇಶ ಸಲ್ಲದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಆದಕಾರಣ "ಕ್ರೈಸ್ತರು ಹೀಗೆ ನಂಬುತ್ತಾರೆ" ಎಂಬುದೇ ವಾಕ್ಯದ ರೂಪವಾಗಿರಬೇಕು. ಪ್ರಾರ್ಥನೆ ಮಾಡಿಸುವುದು ಪಾಠದ ಭಾಗವಲ್ಲ. ತರಗತಿಯ ಕ್ರೈಸ್ತ ಮಗುವನ್ನು ಎಬ್ಬಿಸಿ "ನೀನೇ ಹೇಳು" ಎನ್ನುವುದೂ ಬೇಡ. ಅದು ತಾನಾಗಿ ಹೇಳಬಯಸಿದರೆ ಕೇಳಬೇಕು, ಇಲ್ಲವಾದರೆ ಎಲ್ಲರಂತೆ ಮಣ್ಣು ಕಲಸಲಿ. ಮನೆಯ ಆಚರಣೆಯನ್ನು ತಿಳಿಯಬೇಕಿದ್ದರೆ ಒಂದು ವಾರ ಮೊದಲೇ ಅದರ ತಂದೆತಾಯಿಯನ್ನು ಕೇಳಬಹುದು. ಕೆಥೋಲಿಕರ ರೂಢಿಯೂ ಪ್ರೊಟೆಸ್ಟೆಂಟರ ರೂಢಿಯೂ ಒಂದೇ ಅಲ್ಲ.

ಕೊನೆಯ ದಿನ ಹಾಳೆಯ ತಟ್ಟೆಗಳನ್ನು ಮಕ್ಕಳು ಮನೆಗೆ ಒಯ್ಯುವಾಗ ಕಲ್ಲನ್ನು ಗುಹೆಯ ಬಾಯಿಯ ಪಕ್ಕದಲ್ಲಿಯೇ, ತೆರೆದ ಸ್ಥಿತಿಯಲ್ಲಿ ಇಡಿಸಬೇಕು. ಮೊಳಕೆಗೆ ದಿನಕ್ಕೆರಡು ಬಾರಿ ನೀರು ಚಿಮುಕಿಸಲು ಹೇಳಿದರೆ ಸಾಕು.