ರಸ್ಟ್ ಮತ್ತು ಸಿ: ಎರಡು ಗಣಕಭಾಷೆಗಳ ನಡುವಣ ಒಡಂಬಡಿಕೆ

ಗಣಕಭಾಷೆಗಳ ಪೈಕಿ ಸಿ ಹಿರಿಯದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಈ ಭಾಷೆಯನ್ನು ಇಂದಿಗೂ ಅಸಂಖ್ಯ ತಂತ್ರಾಂಶಗಳು ಆಶ್ರಯಿಸಿವೆ. ರಸ್ಟ್ ಕಿರಿಯದು; ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2015ರಲ್ಲಿ. ಮೆಮೊರಿಯ ಬಳಕೆಯಲ್ಲಿ ನುಸುಳುವ ಅನೇಕ ದೋಷಗಳನ್ನು ಕಂಪೈಲರ್ ಮೊದಲೇ ತಡೆಯುವುದು ಅದರ ವೈಶಿಷ್ಟ್ಯ. ಹಳೆಯ ತಂತ್ರಾಂಶವನ್ನು ಒಮ್ಮೆಗೇ ಹೊಸ ಭಾಷೆಯಲ್ಲಿ ಬರೆಯುವುದು ಕಷ್ಟಸಾಧ್ಯವಾದುದರಿಂದ, ಒಂದೊಂದೇ ಭಾಗವನ್ನು ರಸ್ಟ್‌ನಲ್ಲಿ ಬರೆದು ಸಿ ಪ್ರೋಗ್ರಾಮಿಗೆ ಒದಗಿಸುವ ಕ್ರಮ ಬೆಳೆದಿದೆ. ಚಿತ್ರಗಳನ್ನು ಮೂಡಿಸುವ ಲಿಬ್‌ಆರ್‌ಎಸ್‌ವಿಜಿ ಎಂಬ ಲೈಬ್ರರಿ 2016ರಿಂದ ಹೀಗೆಯೇ ಹಂತಹಂತವಾಗಿ ರಸ್ಟ್‌ಗೆ ಹೊರಳಿತು. ಸಿ ಪ್ರೋಗ್ರಾಮುಗಳು ಅದನ್ನು ಕರೆಯುವ ದಾರಿ ಮಾತ್ರ ಹಾಗೆಯೇ ಉಳಿಯಿತು.

ಇಂತಹ ಹೊಂದಾಣಿಕೆಗೆ ಮೊದಲು ಬೇಕಾದುದು ಸ್ಟ್ರಕ್ಟ್‌ಗಳ ವಿನ್ಯಾಸದ ಬಗೆಗಿನ ಒಪ್ಪಂದ. ಹಲವು ಮೌಲ್ಯಗಳನ್ನು ಒಂದೇ ಹೆಸರಿನಡಿ ಜೋಡಿಸಿದ ರಚನೆಯೇ ಸ್ಟ್ರಕ್ಟ್. ಒಬ್ಬ ವಿದ್ಯಾರ್ಥಿಯ ದಾಖಲೆಯಲ್ಲಿ ತರಗತಿಗೆ 1 ಬೈಟ್, ನೋಂದಣಿ ಸಂಖ್ಯೆಗೆ 4 ಬೈಟ್, ವಿಭಾಗದ ಸಂಕೇತಕ್ಕೆ 1 ಬೈಟ್ ಇದೆಯೆಂದು ಭಾವಿಸೋಣ. ಸಿ ಬರೆದ ಕ್ರಮವನ್ನೇ ಪಾಲಿಸುತ್ತದೆ. ನಾಲ್ಕು ಬೈಟಿನ ಸಂಖ್ಯೆ ಸಾಮಾನ್ಯವಾಗಿ 4ರ ಗುಣಕವಾದ ವಿಳಾಸದಲ್ಲಿ ಕೂರಬೇಕಾದುದರಿಂದ ನಡುವೆ 3, ಕೊನೆಯಲ್ಲಿ 3 ಬೈಟ್ ತೆರವಾಗಿ ಉಳಿದು ಒಟ್ಟು ಗಾತ್ರ 12 ಬೈಟ್ ಆಗುತ್ತದೆ. ರಸ್ಟ್‌ಗಾದರೋ ಕ್ರಮವನ್ನು ಬದಲಿಸುವ ಸ್ವಾತಂತ್ರ್ಯವಿದೆ. ನೋಂದಣಿ ಸಂಖ್ಯೆಯನ್ನು ಮುಂದಿಟ್ಟು ಅದೇ ದಾಖಲೆಯನ್ನು 8 ಬೈಟ್‌ಗಳಲ್ಲಿ ಅಡಕಗೊಳಿಸಬಲ್ಲದು. ಆಗ ಸಿ 'ತರಗತಿ' ಎಂದು ಓದುವುದು ವಾಸ್ತವವಾಗಿ ನೋಂದಣಿ ಸಂಖ್ಯೆಯ ಒಂದು ತುಂಡನ್ನು! ಎಚ್ಚರಿಕೆ ಬರದೆಯೂ ಇರಬಹುದು. ಸ್ಟ್ರಕ್ಟ್‌ನ ಮೇಲೆ 'ರೆಪ್ರ್ ಸಿ' ಎಂಬ ಸೂಚನೆಯನ್ನು ಬರೆದರೆ ರಸ್ಟ್ ಸಿಯ ವಿನ್ಯಾಸವನ್ನೇ ಅನುಸರಿಸುತ್ತದೆ.

ಎರಡನೆಯದು ಫಂಕ್ಷನ್ ಪಾಯಿಂಟರ್, ಅರ್ಥಾತ್ ಫಂಕ್ಷನ್ನಿನ ವಿಳಾಸ. ವಿಳಾಸ ತಿಳಿದರೆ ಸಾಲದು. ಕರೆಯುವ ರೀತಿಯೂ ಒಂದೇ ಆಗಿರಬೇಕು. 'ಎಕ್ಸ್‌ಟರ್ನ್ ಸಿ' ಎಂಬ ಘೋಷಣೆ ಈ ರೀತಿಯನ್ನು ನಿಗದಿಗೊಳಿಸುತ್ತದೆ. ರಸ್ಟ್‌ನಲ್ಲಿ ಫಂಕ್ಷನ್ ಪಾಯಿಂಟರ್ ಎಂದೂ ಶೂನ್ಯವಾಗಿರಬಾರದು; ಸಿಯಲ್ಲಿ ಶೂನ್ಯ ವಿಳಾಸ ಸಹಜ. ಆದುದರಿಂದ ಅದನ್ನು 'ಆಪ್ಷನ್' ಎಂಬ ಬಗೆಯಲ್ಲಿ ಸುತ್ತಿ ಘೋಷಿಸುತ್ತಾರೆ. ಗಾತ್ರ ಹೆಚ್ಚದು, 'ಇಲ್ಲ' ಎಂಬ ಮೌಲ್ಯವೇ ಶೂನ್ಯ ವಿಳಾಸವಾಗುತ್ತದೆ.

ಮೂರನೆಯದು ಹೊಣೆಗಾರಿಕೆ. ರಸ್ಟ್ ಪಡೆದ ಮೆಮೊರಿಯನ್ನು ರಸ್ಟ್ ಫಂಕ್ಷನ್ನೇ ಬಿಡುಗಡೆ ಮಾಡಬೇಕು; ಸಿಯ 'ಫ್ರೀ'ಗೆ ಒಪ್ಪಿಸಬಾರದು. 'ಪ್ಯಾನಿಕ್' ಎಂಬ ವೈಫಲ್ಯವನ್ನೂ ಗಡಿಯ ಈಚೆಗೇ ಹಿಡಿದು, ದೋಷಸಂಖ್ಯೆಯಾಗಿ ಮರಳಿಸುವುದು ಕ್ಷೇಮ.

ಒಂದು ಭಾಷೆಯ ಕಂಪೈಲರ್ ಇನ್ನೊಂದರ ಘೋಷಣೆಯನ್ನು ಪರಿಶೀಲಿಸುವುದಿಲ್ಲ. ಸಿ ಓದುವ ಹೆಡರ್ ಕಡತವನ್ನು ಕೈಯಿಂದ ಬರೆಯದೆ, 'ಸಿಬೈಂಡ್‌ಜೆನ್' ಎಂಬ ಉಪಕರಣದಿಂದ ರಸ್ಟ್ ಮೂಲದಿಂದಲೇ ಪಡೆದರೆ ಎರಡೂ ಕಡೆಯ ಮಾತು ಒಂದೇ ಆಗಿ ಉಳಿಯುತ್ತದೆ. ರಸ್ಟ್ ನೀಡುವ ಸುರಕ್ಷತೆ ಅದರ ಗಡಿಯವರೆಗೆ ಮಾತ್ರ. ಗಡಿಯಲ್ಲಿ ಕಾಯುವುದು ಬರೆದವರ ಎಚ್ಚರವೇ.