ಮನೆಯಾಟಗಳ ಮರುಮಾರುಕಟ್ಟೆ: ಹೆಸರು, ಗುಣಮಟ್ಟ, ತೆರಿಗೆ

ಬೇಸಿಗೆ ರಜೆ ಬಂತೆಂದರೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಕವಡೆ ಎಸೆದು ಆಡುತ್ತಿದ್ದ ಕಾಲವನ್ನು ಇಂದಿನ ಹಿರಿಯ ವರ್ತಕರು ಬಲ್ಲರು. ಅಳಗುಳಿ ಮಣೆ, ಪಗಡೆ, ಹಾವು-ಏಣಿ, ಕೇರಂ, ಇಸ್ಪೀಟುಗಳು 1970 ಮತ್ತು 1980ರ ದಶಕಗಳಲ್ಲಿ ಮನೆಮಂದಿಯನ್ನೆಲ್ಲ ಒಂದೆಡೆ ಕೂರಿಸುತ್ತಿದ್ದವು. ಇವೇ ಆಟಗಳನ್ನು ಪೆಟ್ಟಿಗೆಯಲ್ಲಿಟ್ಟು ಮತ್ತೆ ಮಾರುಕಟ್ಟೆಗೆ ತರಬಯಸುವ ಸಣ್ಣ ತಯಾರಕರು ಮತ್ತು ವರ್ತಕರು ಮೊದಲು ತಿಳಿದಿರಬೇಕಾದ ಸಂಗತಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಹೆಸರಿನ ಹಕ್ಕು. ಚೌಕಾಬಾರ, ಅಳಗುಳಿ ಮಣೆಗಳು ಯಾರ ಸ್ವತ್ತೂ ಅಲ್ಲ. ಪಚ್ಚೀಸಿಯಿಂದ ರೂಪುಗೊಂಡ ಲೂಡೋ ಆಟಕ್ಕೆ ಇಂಗ್ಲೆಂಡಿನಲ್ಲಿ 1896ರಲ್ಲಿ ಪೇಟೆಂಟ್ ದೊರೆತಿತ್ತಾದರೂ ಅದರ ಅವಧಿ ಎಂದೋ ಮುಗಿದಿದೆ. ಆದರೆ ‘ಸ್ಕ್ರ್ಯಾಬಲ್’, ‘ಮೊನೊಪೊಲಿ’ಯಂಥ ಹೆಸರುಗಳು ನೋಂದಾಯಿತ ವ್ಯಾಪಾರ ಚಿಹ್ನೆಗಳು. ಸ್ಕ್ರ್ಯಾಬಲ್ ಹೋಲುವ ಅಂತರ್ಜಾಲ ಆಟದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2008ರಲ್ಲಿ ನೀಡಿದ ಮಧ್ಯಂತರ ಆದೇಶ ಇಲ್ಲಿ ಬೋಧಪ್ರದ. ಆಟದ ಹಲಗೆಯ ಮೇಲೆ ಕೃತಿಸ್ವಾಮ್ಯದ ವಾದವನ್ನು ಒಪ್ಪದ ನ್ಯಾಯಾಲಯವು, ಹೋಲಿಕೆಯ ಹೆಸರಿನ ಬಳಕೆಗೆ ಮಾತ್ರ ತಡೆ ನೀಡಿತು. ಆಡುವ ರೀತಿಗಿಂತ ಪೆಟ್ಟಿಗೆಯ ಮೇಲಿನ ಹೆಸರೇ ಹೆಚ್ಚಿನ ಅಪಾಯ ತರಬಲ್ಲದು.

ಭೌಗೋಳಿಕ ಸೂಚಿಕೆಯೂ ಇದೇ ವರ್ಗಕ್ಕೆ ಸೇರಿದ್ದು. ಹಲವು ಹಲಗೆಯಾಟಗಳನ್ನೂ ಗಂಜೀಫಾ ಎಲೆಗಳ ಆಟಗಳನ್ನೂ ರೂಪಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರ ನಾಡಿನ ‘ಮೈಸೂರು ಗಂಜೀಫಾ’ ಹಾಗೂ ‘ಚನ್ನಪಟ್ಟಣದ ಆಟಿಕೆ’ಗಳೆರಡಕ್ಕೂ ಈ ರಕ್ಷಣೆಯಿದೆ. ಬೇರೆಡೆ ಅಚ್ಚಾದ ಎಲೆಗಳನ್ನು ಈ ಹೆಸರಿನಲ್ಲಿ ಮಾರುವಂತಿಲ್ಲ.

ಎರಡನೆಯದು ಗುಣಮಟ್ಟ. ಆಟಿಕೆಗಳ (ಗುಣಮಟ್ಟ ನಿಯಂತ್ರಣ) ಆದೇಶ, 2020 ಎಂಬುದು 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಕ್ಕೆಂದು ತಯಾರಾದ ವಸ್ತುಗಳಿಗೆ ಭಾರತೀಯ ಮಾನಕ ಬ್ಯೂರೋದ ಪರವಾನಗಿ ಮತ್ತು ಐಎಸ್‌ಐ ಗುರುತು ಕಡ್ಡಾಯ. ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ತಯಾರಿಸಿ ಮಾರುವ ವಸ್ತುಗಳಿಗೆ ಹಾಗೂ ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರ ಉತ್ಪನ್ನಗಳಿಗೆ ವಿನಾಯಿತಿಯುಂಟು. ಗುರುತಿಲ್ಲದ ಸರಕನ್ನು ದಾಸ್ತಾನಿಟ್ಟು ಮಾರುವ ವರ್ತಕನೂ ಹೊಣೆಗಾರನಾಗುತ್ತಾನೆಂಬುದನ್ನು ಮರೆಯಬಾರದು. ಖರೀದಿಗೆ ಮುನ್ನ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯುವುದು ಕ್ಷೇಮ.

ಮೂರನೆಯದು ತೆರಿಗೆ. ಇಸ್ಪೀಟು, ಚದುರಂಗದ ಹಲಗೆ, ಕೇರಂ ಹಲಗೆ, ಲೂಡೋದಂಥ ಆಟಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ಗ್ರಾಹಕನಿಗೆ ಇದು ಲಾಭ. ವರ್ತಕನ ಪುಸ್ತಕದಲ್ಲಿ ಮಾತ್ರ ಒಂದು ತೊಡಕು ಉಳಿಯಿತು.

ಉದಾಹರಣೆಗೆ, ಬನಶಂಕರಿ ಮೂರನೇ ಹಂತಕ್ಕೆ ಹೊಂದಿಕೊಂಡ ಹೊಸಕೆರೆಹಳ್ಳಿಯಲ್ಲಿ ಅಂಗಡಿಯಿಟ್ಟ ವರ್ತಕನೊಬ್ಬ 2025ರ ಆಗಸ್ಟ್‌ನಲ್ಲಿ 1,00,000 ರೂ. ಬೆಲೆಯ ಕೇರಂ ಹಲಗೆ ಖರೀದಿಸಿದನೆಂದು ಭಾವಿಸೋಣ. ಶೇ. 12ರಂತೆ ಆತ ತೆತ್ತ 12,000 ರೂ. ಹೂಡುವಳಿ ತೆರಿಗೆ ಜಮೆಯಾಯಿತು. ದರ ಇಳಿದ ಮೇಲೆ ಆ ಸರಕನ್ನು 1,20,000 ರೂ.ಗೆ ಮಾರಿದರೆ ಶೇ. 5ರಂತೆ ತೆರಿಗೆ 6,000 ರೂ. ಮಾತ್ರ. ಉಳಿದ 6,000 ರೂ. ಜಮೆಯಲ್ಲೇ ನಿಲ್ಲುತ್ತದೆ. ಒಂದೇ ಸರಕಿನ ದರ ಕಾಲಾಂತರದಲ್ಲಿ ಬದಲಾದುದರಿಂದ ಉಳಿದ ಜಮೆಗೆ ಮರುಪಾವತಿಯಿಲ್ಲವೆಂದು 2020ರ 135ನೇ ಸುತ್ತೋಲೆ ಹೇಳುತ್ತದೆ. ಮುಂದಿನ ತೆರಿಗೆಗೆ ಅದನ್ನು ಹೊಂದಿಸಿಕೊಳ್ಳಬಹುದು. ಆದರೆ ಹೊಸ ದರದಲ್ಲಿ 1 ಲಕ್ಷ ರೂ.ಗೆ ಕೊಂಡು 1.2 ಲಕ್ಷಕ್ಕೆ ಮಾರಿದರೆ ನಿವ್ವಳ ತೆರಿಗೆ ಕೇವಲ 1,000 ರೂ. ಬೇರೆ ಸರಕಿನ ವ್ಯಾಪಾರವಿಲ್ಲದಿದ್ದರೆ, ಹಳೆಯ ಜಮೆ ಕರಗಲು ಇಂಥ ಆರು ಸುತ್ತಿನ ವ್ಯಾಪಾರ ಬೇಕು. ಅಲ್ಲಿಯವರೆಗೆ ಅಷ್ಟು ದುಡಿಯುವ ಬಂಡವಾಳ ಸಿಲುಕಿದಂತೆಯೇ.

ತಯಾರಕನ ಸ್ಥಿತಿ ಬೇರೆ. ಆತ ಕೊಳ್ಳುವ ಪ್ಲೈವುಡ್ ಮತ್ತು ಪ್ಲಾಸ್ಟಿಕ್ ಹರಳಿಗೆ ಶೇ. 18, ಮಾರುವ ಆಟಕ್ಕೆ ಶೇ. 5. ಕಚ್ಚಾವಸ್ತುವಿನ ದರ ಸಿದ್ಧವಸ್ತುವಿನ ದರಕ್ಕಿಂತ ಹೆಚ್ಚಿರುವುದರಿಂದ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 54(3)ನೇ ಕಲಮಿನಡಿ ಮರುಪಾವತಿ ಕೋರಬಹುದು. ಯಂತ್ರೋಪಕರಣ ಮತ್ತು ಸೇವೆಗಳ ಮೇಲೆ ತೆತ್ತ ತೆರಿಗೆ ಈ ಮರುಪಾವತಿಯ ಲೆಕ್ಕಕ್ಕೆ ಬಾರದು. ಅರ್ಜಿಗೆ ಎರಡು ವರ್ಷಗಳ ಕಾಲಮಿತಿಯಿದೆ. ಅದು ಮೀರಿದರೆ ಹಕ್ಕು ಹೋದಂತೆ. ಆದುದರಿಂದ ಕಚ್ಚಾವಸ್ತುವಿನ ಬಿಲ್ಲುಗಳನ್ನು ಸೇವೆಯ ಬಿಲ್ಲುಗಳಿಂದ ಮೊದಲಿನಿಂದಲೇ ಬೇರ್ಪಡಿಸಿಡಬೇಕು.

ಕಂಪೋಸಿಷನ್ ಪದ್ಧತಿಯನ್ನು ಆಯ್ದುಕೊಂಡವರಿಗೆ ಜಮೆಯೂ ಇಲ್ಲ, ಈ ಮರುಪಾವತಿಯೂ ಇಲ್ಲ. ಖರೀದಿಯಲ್ಲಿ ತೆತ್ತ ತೆರಿಗೆ ಅವರ ಅಸಲಿಗೇ ಸೇರುತ್ತದೆ. ಶೇ. 18ರ ಕಚ್ಚಾವಸ್ತು ಬಳಸುವ ತಯಾರಕರು ಪದ್ಧತಿಯನ್ನು ಆಯ್ದುಕೊಳ್ಳುವ ಮುನ್ನ ಎರಡೂ ಬಗೆಯ ಲೆಕ್ಕ ಹಾಕಿ ನೋಡುವುದು ಲೇಸು.

ಪಗಡೆಯಲ್ಲಿ ದಾಳ ಹೇಗೆ ಬೀಳುವುದೋ ಆಟಗಾರನ ಕೈಯಲ್ಲಿಲ್ಲ. ಕಾಯಿ ನಡೆಸುವುದು ಮಾತ್ರ ಅವನ ಕೈಯಲ್ಲಿದೆ. ತೆರಿಗೆಯ ದರವೂ ದಾಳದಂತೆಯೇ. ಸರಿಯಾದ ಹೆಸರು, ಪರವಾನಗಿ ಮತ್ತು ಅಚ್ಚುಕಟ್ಟಾದ ದಾಸ್ತಾನು ಪುಸ್ತಕ ವರ್ತಕನು ನಡೆಸಬಹುದಾದ ಕಾಯಿಗಳು.